ಮುನ್ಸಿಪಾಲ್ಟಿ ಮೆಂಬರ್ ಲೆಕ್ಕ

ಕಲಬುರಗಿ ಬಿಟ್ಟು ಜೇವರ್ಗಿ ಹಾದಿ ಹಿಡಿದರೆ ಕಟ್ಟಿಸಂಗಾವಿ ಹತ್ತಿರ ಭೀಮಾ ನದಿಯ ಸೇತುವೆ ಸಿಗುತ್ತದೆ. ಶ್ರಾವಣದಲ್ಲಿ ಕೆಂಪಗೆ ದಂಡೆ ಮುಟ್ಟಿ ಹರಿಯುವ ಹೊಳೆ, ಬೇಸಿಗೆಗೆ ಅಲ್ಲೊಂದು ಇಲ್ಲೊಂದು ಮಡುವಾಗಿ ಉಳಿಯುತ್ತದೆ. ಆಚೆಗೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ತೊಗರಿ ಹೂಬಿಟ್ಟ ದಿನಗಳಲ್ಲಿ ಹಾದಿಯ ಎರಡೂ ಬದಿ ಹಳದಿ. ಜೇವರ್ಗಿ ದಾಟಿ ಸಿಂದಗಿ ಕಡೆ ಹೊರಟರೆ ನೆಲೋಗಿ. 1936ರ ಡಿಸೆಂಬರ್ 25ರಂದು ಧರ್ಮಸಿಂಗ್ ಹುಟ್ಟಿದ ಊರು.

ಮುಖ್ಯಮಂತ್ರಿ ಧರ್ಮಸಿಂಗ್ ಎಲ್ಲರಿಗೂ ಗೊತ್ತು. ನನಗೆ ಕುತೂಹಲ ಇರುವುದು ಇನ್ನೊಬ್ಬ ಧರ್ಮಸಿಂಗ್ ಬಗ್ಗೆ: ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಕರಿ ಕೋಟು ಬದಿಗಿಟ್ಟು, ಅರವತ್ತರ ದಶಕದ ಕೊನೆಗೆ ಗುಲ್ಬರ್ಗಾ ನಗರಸಭೆಗೆ ಆರಿಸಿಬಂದ ತರುಣ ವಕೀಲ.

ಮುನ್ಸಿಪಾಲ್ಟಿ ಮೆಂಬರ್ ಅಂದರೆ ಈ ಸೀಮೆಯಲ್ಲಿ ಏನು ಪಾಡು ಎಂದು ಇಲ್ಲಿ ಬಾಳಿದವರಿಗೆ ಹೇಳಬೇಕಿಲ್ಲ. ಹೊತ್ತು ಮೂಡುವ ಮುಂಚೆಯೇ ಬಾಗಿಲ ಮುಂದೆ ಚಪ್ಪಲಿ ಗುಡ್ಡೆ. ಒಬ್ಬಳಿಗೆ ನಳದ ನೀರು ಬಂದಿಲ್ಲ, ಇನ್ನೊಬ್ಬನ ಮನೆ ಮುಂದಿನ ಗಟಾರ ತುಂಬಿದೆ, ಮತ್ತೊಬ್ಬ ಅಂಗಿ ಕಿಸೆಯಿಂದ ತೆಗೆಯುವ ಅರ್ಜಿ ಮಡಿಕೆ ಬಿದ್ದಲ್ಲೆಲ್ಲ ಹರಿದಿದೆ. ಬೆವರಿಗೆ ಶಾಯಿ ಹರಡಿ ಹೆಸರಷ್ಟೇ ಉಳಿದಿದೆ. ಯಾರನ್ನೂ ನಿಂತಲ್ಲೇ ವಾಪಸು ಕಳಿಸುವ ಹಾಗಿಲ್ಲ. ಸಂಜೆ ಮದುವೆ ಮನೆ, ರಾತ್ರಿ ಸಾವಿನ ಮನೆ. ಪಕ್ಷ, ಸಿದ್ಧಾಂತ ಎಲ್ಲ ಆಮೇಲೆ. ಕರೆದರೆ ಬರುತ್ತಾನೋ ಇಲ್ಲವೋ ಎಂಬುದರ ಮೇಲೆ ಮುಂದಿನ ಚುನಾವಣೆ ನಿಂತಿರುತ್ತದೆ.

ಧರ್ಮಸಿಂಗ್ ಎಪ್ಪತ್ತರ ದಶಕದಲ್ಲಿ ಜೇವರ್ಗಿಯಿಂದ ವಿಧಾನಸಭೆಗೆ ಹೋದರು. ಆದರೆ ವಾರ್ಡಿನ ಈ ರೂಢಿ ಬಿಡಲಿಲ್ಲ. ಇಡೀ ತಾಲ್ಲೂಕನ್ನೇ ಒಂದು ವಾರ್ಡು ಮಾಡಿಕೊಂಡರು ಎಂದೇ ನನ್ನ ಎಣಿಕೆ. ಇಲ್ಲದಿದ್ದರೆ ಅಲ್ಲಿ ಅವರು ಮತ್ತೆ ಮತ್ತೆ ಗೆದ್ದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಅವರು ರಜಪೂತರು. ಲಿಂಗಾಯತರು, ಕೋಲಿಗಳು, ದಲಿತರು, ಮುಸಲ್ಮಾನರು ತುಂಬಿರುವ ಕ್ಷೇತ್ರದಲ್ಲಿ ಅವರ ಜಾತಿಯ ಮತ ಹಿಡಿ ತುಂಬದು. ಕಟ್ಟೆಯ ಮೇಲೆ ಕೂತು ಜಾತಿ ಕೂಡಿಸಿ ಕಳೆಯುವ ನಮ್ಮ ರಾಜಕೀಯ ಪಂಡಿತರಿಗೆ ಅವರು ಯಾವಾಗಲೂ ತಲೆನೋವೇ. ಗುರುಮಿಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಜೇವರ್ಗಿಯಿಂದ ಧರ್ಮಸಿಂಗ್: ಈ ಭಾಗದ ಜನ ಇಬ್ಬರಿಗೂ ಲವಕುಶ ಎಂದೇ ಹೆಸರಿಟ್ಟರು.

ನಡುವೆ 1980ರಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೂ ಗೆದ್ದರು. ದೆಹಲಿಯಲ್ಲಿ ವಾಜಪೇಯಿ ಎದುರು ಸೋತಿದ್ದ, ತಮ್ಮದೇ ಕಾಂಗ್ರೆಸ್ಸಿನ ಸಿ.ಎಂ. ಸ್ಟೀಫನ್ ಅವರಿಗಾಗಿ ಆ ಸ್ಥಾನ ಬಿಟ್ಟುಕೊಟ್ಟು ಮತ್ತೆ ರಾಜ್ಯ ರಾಜಕಾರಣಕ್ಕೇ ಬಂದರು. 2004ರ ಮೇ 28ರಂದು ಜೆಡಿಎಸ್ ಜೊತೆಗಿನ ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿ. ವೀರೇಂದ್ರ ಪಾಟೀಲರ ನಂತರ ಈ ಜಿಲ್ಲೆಗೆ ಆ ಕುರ್ಚಿ ಸಿಕ್ಕಿದ್ದು ಆಗಲೇ. 2006ರ ಆರಂಭಕ್ಕೆ ಅದೂ ಹೋಯಿತು. ಆ ಇಪ್ಪತ್ತು ತಿಂಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ.

2008ರ ಮೇ. ಕ್ಷೇತ್ರ ಪುನರ್ವಿಂಗಡಣೆಯಾದ ಮೇಲಿನ ಮೊದಲ ಚುನಾವಣೆ. ಮೇ 25, ಮತ ಎಣಿಕೆ. ಕಲಬುರಗಿಯ ಆ ಬಿಸಿಲು ನೆನೆಸಿಕೊಳ್ಳಿ: ಹೊತ್ತೇರುವ ಮೊದಲೇ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತದೆ, ಹೆಗಲ ಮೇಲಿನ ಟವೆಲ್ ತಲೆಗೆ ಏರುತ್ತದೆ. ಎಣಿಕೆ ಕೇಂದ್ರದ ಒಳಗೆ ಏಜೆಂಟರು ಒಂದೊಂದು ಯಂತ್ರದ ಅಂಕಿಯನ್ನೂ ಹಾಳೆಗೆ ಇಳಿಸಿಕೊಳ್ಳುತ್ತ, ಕೂಡಿಸಿ, ಹೊಡೆದು ಹಾಕಿ, ಮತ್ತೆ ಕೂಡಿಸುತ್ತಾರೆ. ಹೊರಗೆ ಗುಲಾಲಿನ ಪೊಟ್ಟಣ ಯಾರು ಒಡೆಯಬೇಕೆಂಬುದೇ ತೀರ್ಮಾನವಾಗಿರುವುದಿಲ್ಲ. ಕೊನೆಗೆ ಜೇವರ್ಗಿಯಲ್ಲಿ ಧರ್ಮಸಿಂಗ್ ಎದುರು ಗೆದ್ದವರು ಬಿಜೆಪಿಯ ದೊಡ್ಡಪ್ಪಗೌಡ ಪಾಟೀಲ ನರಿಬೋಳ. ಅಂತರ 46 ಮತ.

ನಲವತ್ತಾರು! ಮದುವೆಗೆ ಹೊರಟ ಒಂದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಒತ್ತಿ ಕೂತರೆ ಹಿಡಿಸುವಷ್ಟು ಮಂದಿ. ವಿಧಾನಸಭೆ ಚುನಾವಣೆಯಲ್ಲಿ ಇದು ಅಂತರವೇ ಅಲ್ಲ. ಇಂಥ ಅಂಕಿ ನಗರಸಭೆಯ ವಾರ್ಡುಗಳಲ್ಲಿ ಕಾಣಬೇಕು. ವಾರ್ಡಿನಿಂದ ಮೇಲೆದ್ದ ಮನುಷ್ಯ ಮುಖ್ಯಮಂತ್ರಿಯಾಗಿ ಬಂದ ಮೇಲೆ, ತನ್ನ ಊರಿನಲ್ಲೇ ವಾರ್ಡಿನ ಅಳತೆಯ ಮತಗಳಿಂದ ಸೋತರು. ಯಾವ ಮದುವೆಗೆ ಹೋಗಲಿಲ್ಲ, ಯಾವ ಹಳ್ಳಿಯ ಬೋರ್‌ವೆಲ್ ನಿಂತುಹೋಗಿತ್ತು ಎಂದು ಊರೂರ ಕಟ್ಟೆಗಳು ಹುಡುಕಲು ಕೂತರೆ ಆ 46 ಮಂದಿಯ ಪಟ್ಟಿ ನೂರು ನಮೂನೆ ಆಗುತ್ತದೆ.

ಧರ್ಮಸಿಂಗ್ ಮನೆಯಲ್ಲಿ ಕೂರುವವರಾಗಿರಲಿಲ್ಲ. ಮರುವರ್ಷ, ಎಪ್ಪತ್ತೆರಡರ ವಯಸ್ಸಿನಲ್ಲಿ, ಬೀದರ್‌ಗೆ ಹೋಗಿ ಲೋಕಸಭೆಗೆ ನಿಂತು ಗೆದ್ದರು. 2014ರಲ್ಲಿ ಅಲ್ಲಿ ಭಗವಂತ ಖೂಬಾ ಎದುರು ಸೋಲು. 2017ರ ಜುಲೈ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ಅಂತ್ಯಕ್ರಿಯೆ ನೆಲೋಗಿಯಲ್ಲಾಯಿತು. ಅಷ್ಟರಲ್ಲಿ ಜೇವರ್ಗಿ ಮತ್ತೆ ಆ ಮನೆಯ ಕಡೆ ತಿರುಗಿತ್ತು. 2013ರಲ್ಲಿ ಗೆದ್ದ ಮಗ ಡಾ. ಅಜಯ್ ಸಿಂಗ್ 2018ರಲ್ಲೂ 2023ರಲ್ಲೂ ಮರಳಿ ಆರಿಸಿಬಂದಿದ್ದಾರೆ. ಈಗ ಅರ್ಜಿ ಹಿಡಿದವರು ಅವರ ಬಾಗಿಲಿಗೆ ಬರುತ್ತಾರೆ, ಕೆಲವರು ವಾಟ್ಸ್‌ಆ್ಯಪ್‌ನಲ್ಲೇ ಕಳಿಸುತ್ತಾರೆ.