ಮೂರು, ನಾಲ್ಕು, ಐದು: ಪಾಯದ ಮೂಲೆಯಲ್ಲಿ ಪೈಥಾಗೊರಸ್

ಪೈಥಾಗೊರಸ್‌ನ ಪ್ರಮೇಯವನ್ನು ಹತ್ತನೇ ತರಗತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಕಾಮರ್ಸ್ ತೆಗೆದುಕೊಂಡ ಮೇಲೆ ಅದರ ಗೊಡವೆ ಮುಗಿಯಿತು ಅಂದುಕೊಂಡಿದ್ದೆ. ಈ ಬೇಸಿಗೆ ರಜೆಯಲ್ಲಿ ಮನ್ನಳ್ಳಿಯ ನಮ್ಮ ಮನೆಗೆ ಒಂದು ಕೋಣೆ ಸೇರಿಸುವಾಗ ಅದು ಮತ್ತೆ ಎದುರಿಗೆ ಬಂತು.

ಕೋಣೆ 16 ಅಡಿ ಉದ್ದ, 12 ಅಡಿ ಅಗಲ. ಉದ್ದ ಹಳೆಯ ಗೋಡೆಯ ಗುಂಟ, ಅಗಲ ಗಲ್ಲಿಯ ಗುಂಟ. ಗೌಂಡಿ ಕಾಕಾ ಸುಣ್ಣದ ಪುಡಿಯಿಂದ ಪಾಯದ ಗೆರೆ ಹಾಕಿ ಊಟಕ್ಕೆ ಹೋಗಿದ್ದರು. ಹಿಂದೆ ಕಟ್ಟಿಸಿದ ಕೋಣೆಯ ಮೂಲೆ ಸರಿಯಿರಲಿಲ್ಲ. ಟೈಲ್ಸ್ ಹಾಕುವಾಗ ಒಂದು ಗೋಡೆಯ ಉದ್ದಕ್ಕೂ ಪ್ರತಿ ಟೈಲನ್ನೂ ಓರೆಯಾಗಿ ಕತ್ತರಿಸಬೇಕಾಯಿತು. ಆ ಖರ್ಚಿನ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ. ಅದಕ್ಕೇ ನಾನು ಟೇಪು ಹಿಡಿದೆ.

ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ವರ್ಗವು ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ. 12ರ ವರ್ಗ 144, 16ರ ವರ್ಗ 256, ಕೂಡಿದರೆ 400. ಅದರ ವರ್ಗಮೂಲ 20. ಅಂದರೆ ಮೂಲೆ ಸರಿಯಾಗಿದ್ದರೆ ಎರಡು ಗೆರೆಗಳ ತುದಿಯಿಂದ ತುದಿಗೆ 20 ಅಡಿ ಬರಬೇಕು. ಟೇಪು 20 ಅಡಿ 4 ಇಂಚು ತೋರಿಸಿತು.

ಪರೀಕ್ಷೆಗೆ ಓದುವಾಗ ನಾನು ಗಮನಿಸದೆ ಬಿಟ್ಟ ಮಾತು ಇಲ್ಲಿದೆ. ಈ ಸಮತೆ 90 ಡಿಗ್ರಿಯ ಮೂಲೆಗೆ ಮಾತ್ರ. ಬಾಗಿಲನ್ನು ನೆನೆಯಿರಿ. ಬಾಗಿಲಿನ ಅಗಲ ಬದಲಾಗುವುದಿಲ್ಲ, ಗೋಡೆಯೂ ಅಲ್ಲೇ ಇರುತ್ತದೆ. ಆದರೆ ತೆರೆದಂತೆಲ್ಲ ಬಾಗಿಲಿನ ತುದಿ ಚೌಕಟ್ಟಿನ ಇನ್ನೊಂದು ಕಂಬದಿಂದ ದೂರ ಹೋಗುತ್ತದೆ. ಬಾಹುಗಳು ಅವೇ ಇದ್ದರೂ ಕೋನ 90ಕ್ಕಿಂತ ಹೆಚ್ಚಾದರೆ ಎದುರಿನ ಬಾಹು ಉದ್ದವಾಗುತ್ತದೆ, ಕಡಿಮೆಯಾದರೆ ಗಿಡ್ಡವಾಗುತ್ತದೆ. ಸರಿಯಾಗಿ 90ಕ್ಕೆ ಬಂದಾಗ ಮಾತ್ರ ವರ್ಗಗಳ ಲೆಕ್ಕ ಹೊಂದುತ್ತದೆ. ಆದ್ದರಿಂದ ಲೆಕ್ಕವನ್ನು ತಿರುಗಿಸಿಯೂ ಬಳಸಬಹುದು: ಅಳತೆ ಹೊಂದಿದರೆ ಮೂಲೆ ಲಂಬಕೋನ. ಪುಸ್ತಕದಲ್ಲಿ ಇದಕ್ಕೆ ವಿಲೋಮ ಪ್ರಮೇಯ ಅನ್ನುತ್ತಾರೆ. ಕಟ್ಟಡದ ಕೆಲಸಕ್ಕೆ ಬೇಕಾಗುವುದು ಹೆಚ್ಚಾಗಿ ಈ ವಿಲೋಮವೇ.

ನಾಲ್ಕು ಇಂಚು ಹೆಚ್ಚೆಂದರೆ ನಮ್ಮ ಮೂಲೆ ಸುಮಾರು 92 ಡಿಗ್ರಿ. ಎರಡೇ ಡಿಗ್ರಿ ಅನಿಸುತ್ತದೆ. ಆದರೆ 12 ಅಡಿಯ ಗೆರೆಯ ತುದಿ ಐದು ಇಂಚು ಹೊರಗೆ ಹೋಗಿತ್ತು. ಇನ್ನೊಂದು ಮೂಲೆಯಿಂದ ಎದುರು ಮೂಲೆಗೆ ಅಳೆದರೆ 19 ಅಡಿ 8 ಇಂಚು. ಕೋಣೆ ಒಂದು ಕಡೆ ವಾಲಿದೆ ಅನ್ನುವುದಕ್ಕೆ ಇನ್ನೇನು ಬೇಕು?

ಹಿರಿಯರಿಗೆ ಹೇಳುವುದು ಹೇಗೆ ಎಂದು ನಾಚಿಕೆಯಾಯಿತು. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. "ಗಲ್ಲಿನೇ ಸೊಟ್ಟ ಅದ, ನಾ ಗಲ್ಲಿ ನೋಡಿ ಗೆರಿ ಹಾಕ್ದೆ. ಮೂರು, ನಾಕು, ಐದು ಹಿಡದ್ ನೋಡಮು" ಅಂದರು. ಮೂಲೆಯಿಂದ ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತು ಮಾಡಿ, ಗುರುತುಗಳ ನಡುವೆ ಐದು ಅಡಿ ಬರುವವರೆಗೆ ದಾರ ಸರಿಸುವುದು. 9 ಮತ್ತು 16 ಸೇರಿ 25, ಅದೇ ಪ್ರಮೇಯ. ಅವರು ಶಾಲೆಯಲ್ಲಿ ಇದನ್ನು ಓದಿದವರಲ್ಲ, ಆದರೆ ನನಗಿಂತ ಚೆನ್ನಾಗಿ ಗೊತ್ತು. ದೊಡ್ಡ ಕೋಣೆಗೆ 6, 8, 10 ಹಿಡಿಯಬೇಕು, ಅಳತೆ ದೊಡ್ಡದಾದಷ್ಟೂ ತಪ್ಪು ಸಣ್ಣದಾಗುತ್ತದೆ. ನೆಲ ಇಳಿಜಾರಾಗಿದ್ದರೆ ಟೇಪನ್ನು ನೆಲಕ್ಕೆ ಹಾಕದೆ ಮಟ್ಟವಾಗಿ ಎತ್ತಿ ಹಿಡಿಯಬೇಕು. ಇದೆಲ್ಲ ಅವರೇ ಹೇಳಿದ್ದು. ದಾರವನ್ನು ಬಿಗಿಯಾಗಿ ಎಳೆದಾಗ ನನಗೆ ಉರ್ದು ಗಣಿತದ ಪದ ನೆನಪಾಯಿತು. ವಿಕರ್ಣಕ್ಕೆ ಉರ್ದುವಿನಲ್ಲಿ ವತರ್ ಅನ್ನುತ್ತಾರೆ. ಅರಬ್ಬಿಯಲ್ಲಿ ಬಿಲ್ಲಿನ ಹೆದೆಗೂ ಅದೇ ಹೆಸರು.

ಇಂಥ ಮೂರು ಮೂರು ಸಂಖ್ಯೆಗಳನ್ನು ಹುಡುಕುವ ದಾರಿಯನ್ನು 9ನೇ ಶತಮಾನದಲ್ಲೇ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾರೆ. ಅವರ ಕಾಲದ ಅರಸ ಅಮೋಘವರ್ಷ ನೃಪತುಂಗನ ರಾಜಧಾನಿ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡ. ಎರಡು ಸಂಖ್ಯೆ ತೆಗೆದುಕೊಳ್ಳಿ, 3 ಮತ್ತು 2 ಅನ್ನಿ. ವರ್ಗಗಳ ವ್ಯತ್ಯಾಸ 5, ಗುಣಲಬ್ಧದ ಎರಡರಷ್ಟು 12, ವರ್ಗಗಳ ಮೊತ್ತ 13. ಮೂಲೆ ಸಿದ್ಧ. 2 ಮತ್ತು 1 ತೆಗೆದುಕೊಂಡರೆ ಕಾಕಾ ಹೇಳಿದ 3, 4, 5 ಬರುತ್ತದೆ. (ಅದೇ ಪುಸ್ತಕದಲ್ಲಿ ಬಡ್ಡಿಯ ಲೆಕ್ಕಗಳೂ ಇವೆ. ಕಾಮರ್ಸ್‌ನವರು ಗಮನಿಸಿ.)

ಗೆರೆ ಸರಿಮಾಡುವುದಕ್ಕೆ ಅಬ್ಬಾ ಒಪ್ಪಲಿಲ್ಲ. ಗೆರೆ ಒಳಗೆ ಬಂದರೆ ನಮ್ಮ ಜಾಗ ಗಲ್ಲಿಯ ಕಡೆ ಸುಮ್ಮನೆ ಉಳಿಯುತ್ತದೆ ಎಂಬುದು ಅವರ ಚಿಂತೆ. ನಾನು ಲೆಕ್ಕ ಹಾಕಿ ತೋರಿಸಿದೆ. ಒಂದು ತುದಿಯಲ್ಲಿ ಐದು ಇಂಚು, ಇನ್ನೊಂದು ತುದಿಯಲ್ಲಿ ಸೊನ್ನೆ, ಉದ್ದ 12 ಅಡಿ: ಒಟ್ಟು ಎರಡೂವರೆ ಚದರ ಅಡಿ. ಅಬ್ಬಾ ಹಳೆಯ ಕೋಣೆಯ ಟೈಲ್ಸ್ ಕಡೆ ಒಮ್ಮೆ ನೋಡಿ, "ಸರಿ, ಹಾಕಿ" ಅಂದರು.

ಎರಡೂ ಕಡೆಯಿಂದ 20 ಅಡಿ ಬಂದ ಮೇಲೆ ಕಾಕಾ ಅಗೆಯಲು ಶುರು ಮಾಡಿದರು. ಹೊರಗೆ ಉಳಿದ ಆ ಚೂಪು ಜಾಗದಲ್ಲಿ ಅಮ್ಮಿ ಪುದೀನಾ ಹಾಕಿದ್ದಾರೆ.