ಫಂಕ್ಷನ್‌ಗಳಿಂದ ವೆಬ್ ಪುಟ

ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೆಬ್ ತಾಣವೆಂದರೆ ಕೋರಿಕೆ ಪಡೆದು ಉತ್ತರ ಕೊಡುವ ಫಂಕ್ಷನ್. ಬೆಳಗಾವಿ, ಧಾರವಾಡ, ಗೋವಾ ಕಡೆಯ ಹಳಿಗಳು ಕೂಡುವ ಲೋಂಡಾ ಜಂಕ್ಷನ್‌ನ ರೈಲುಗಳಿಗೊಂದು ಪುಟ ಬೇಕೆನ್ನೋಣ. ‘ಗೋವಾ’ ಎಂಬ ಕೋರಿಕೆ ಬಂದಾಗ ಪಟ್ಟಿಯಿಂದ ಗೋವಾಕ್ಕೆ ಹೋಗುವ ಕ್ಯಾಸಲ್‌ರಾಕ್ ಮಾರ್ಗದ ರೈಲುಗಳನ್ನಷ್ಟೇ ಸೋಸುವುದು, ಹೊರಡುವ ಸಮಯದಂತೆ ಜೋಡಿಸುವುದು, ಎಚ್‌ಟಿಎಂಎಲ್ ಆಗಿಸುವುದು: ಮೂರು ಸಣ್ಣ ಫಂಕ್ಷನ್‌ಗಳು ಸಾಕು. ಮೂಲ ಪಟ್ಟಿ ಬದಲಾಗುವುದಿಲ್ಲ. ಸೋಸಿದಾಗ, ಜೋಡಿಸಿದಾಗ ಹೊಸ ಪಟ್ಟಿ ಸಿಗುತ್ತದೆ. ಹಾಗಾಗಿ ಪ್ರತಿ ಹಂತವನ್ನೂ ಬೇರೆಯಾಗಿ ಪರೀಕ್ಷಿಸಬಹುದು. ಈ ಶೈಲಿಯ ದೊಡ್ಡ ಲಾಭ ಇದೇ.

ಹೊಸಬರಿಗೆ ಎಲಿಕ್ಸಿರ್ ಭಾಷೆ, ಅದರ ಫೀನಿಕ್ಸ್ ಫ್ರೇಮ್‌ವರ್ಕ್ ಒಳ್ಳೆಯ ಆರಂಭ. ‘ಮಿಕ್ಸ್’ ಟೂಲ್‌ನ ಒಂದೇ ಕಮಾಂಡ್ ಬೇಕಾದ ಫೈಲುಗಳನ್ನೆಲ್ಲ ಸಿದ್ಧಮಾಡಿಕೊಡುತ್ತದೆ. ಎಲಿಕ್ಸಿರ್‌ನ ತಳಹದಿ, ಎರಿಕ್ಸನ್ ಕಂಪನಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ 1986ರಲ್ಲಿ ಶುರುಮಾಡಿದ ಅರ್ಲಾಂಗ್ ಭಾಷೆ. ಇನ್ನೊಂದು ಫಂಕ್ಷನಲ್ ಭಾಷೆಯಾದ ಹ್ಯಾಸ್ಕೆಲ್ ಕಲಿಯಲು ಇನ್ನಷ್ಟು ತಾಳ್ಮೆ ಬೇಕು. ಬೆಂಗಳೂರಿನ ಜಸ್‌ಪೇ ಕಂಪನಿ ಆನ್‌ಲೈನ್ ಪಾವತಿ ವ್ಯವಸ್ಥೆಗೆ ಅದನ್ನೇ ಬಳಸುತ್ತದೆ.