ನಿಮಗಿದು ಗೊತ್ತೇ? ಮಹಾಪೂರ ತಾಳುವ ಮನೆ

● ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ದೂಧಗಂಗಾ ನದಿ ಉಕ್ಕಬಹುದು. ಆ ನೀರು ಬರುವುದು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯಿಂದ. ಕಾಳಮ್ಮವಾಡಿ ಜಲಾಶಯ ಕಟ್ಟಿರುವುದು ಇದೇ ನದಿಗೆ.

● ಚಿಕ್ಕೋಡಿ, ನಿಪ್ಪಾಣಿ ಭಾಗದಲ್ಲಿ ಹೊಳೆ ಏರಿದರೆ ಮಲಿಕವಾಡ–ದತ್ತವಾಡ, ಕಾರದಗಾ–ಭೋಜದಂಥ ತಗ್ಗು ಸೇತುವೆಗಳು ಬೇಗ ಮುಳುಗುತ್ತವೆ. ಸಂತ್ರಸ್ತರ ಆಸರೆ ಕಟ್ಟಡದ ನಕ್ಷೆ ಬರೆಯುವ ವಾಸ್ತುಶಿಲ್ಪ ವಿದ್ಯಾರ್ಥಿ ಮೊದಲು ಅಳೆಯಬೇಕಾದದ್ದು ಅಲ್ಲಿಗೆ ಹೋಗುವ ದಾರಿಯ ಎತ್ತರವನ್ನು.

● ಮಣ್ಣಿನ ಗೋಡೆ ಎಷ್ಟೋ ಸಲ ಬೀಳುವುದು ನೀರು ಇಳಿದ ಮೇಲೆ! ನೆನೆದ ಮಣ್ಣು ಬಲ ಕಳೆದುಕೊಂಡಿರುತ್ತದೆ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ಹಾಗೆ ಕರಗುವುದಿಲ್ಲ, ಸುಡುವ ಉರುವಲೂ ಬೇಡ. ನಮ್ಮ ದೇಶದಲ್ಲಿ ಈ ಇಟ್ಟಿಗೆಯನ್ನು ಬೆಳೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ.

● ಕಬ್ಬು ಬೆಳೆಯುವ ನಮ್ಮ ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗೋಡೆ ಸೀಳಲು ಇದೇ ಸಾಕು. ಇದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಕೊಟ್ಟ ಉತ್ತರ, ಬುಡದಲ್ಲಿ ಗಡ್ಡೆಯಂತೆ ದಪ್ಪಗಾಗುವ ಕಾಂಕ್ರೀಟ್ ಕಂಬ. ಮಣ್ಣು ಅಲುಗದ ಆಳಕ್ಕೆ ಇಳಿದು ಅದು ಮನೆಯನ್ನು ಹಿಡಿದಿಡುತ್ತದೆ.

● ಬರೀ ನೀರಿನ ಭಯವಲ್ಲ, ಭೂಕಂಪದ್ದೂ ಇದೆ. ಮಹಾರಾಷ್ಟ್ರದಲ್ಲಿ 1967ರ ಡಿಸೆಂಬರ್ 11ರಂದು ಕೊಯ್ನಾ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನಡುಗಿದವು. ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಕೊಂದದ್ದು ದಪ್ಪ ಕಲ್ಲಿನ ಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ಬಾಗಿಲ ಮೇಲ್ಮಟ್ಟದಲ್ಲಿ ಮನೆ ಸುತ್ತ ಒಂದೇ ಕಾಂಕ್ರೀಟ್ ಪಟ್ಟಿ ಹಾಯಿಸಿದರೆ, ನಾಲ್ಕೂ ಗೋಡೆಗಳು ಸೊಂಟಪಟ್ಟಿ ಕಟ್ಟಿದಂತೆ ಒಂದಾಗಿ ನಿಲ್ಲುತ್ತವೆ.

● ಬಾಂಗ್ಲಾದೇಶದ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ ರೂಪಿಸಿದ ‘ಖುದಿ ಬಾರಿ’ ಬಿದಿರಿನ ಎರಡು ಅಂತಸ್ತಿನ ಪುಟ್ಟ ಮನೆ. ನೀರು ಬಂದರೆ ಸಂಸಾರ ಮೇಲೇರುತ್ತದೆ. ಹೊಳೆ ದಂಡೆ ಕೊರೆದರೆ ಮನೆಯನ್ನೇ ಬಿಚ್ಚಿ ಒಯ್ಯಬಹುದು. 2025ರಲ್ಲಿ ಇದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

● ಇಂಥ ಮನೆ ರೂಪಿಸಲು ಕಲಿಸುವ ವಾಸ್ತುಶಿಲ್ಪದ ಪದವಿ 5 ವರ್ಷದ ಓದು. ರಾಜ್ಯದ ಅನೇಕ ವಾಸ್ತುಶಿಲ್ಪ ಕಾಲೇಜುಗಳಿಗೆ ಪದವಿ ಕೊಡುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ನಮ್ಮ ಬೆಳಗಾವಿಯಲ್ಲೇ. ‘ಸೋಲಾರ್ ಡೆಕಾಥ್ಲಾನ್ ಇಂಡಿಯಾ’ ಎಂಬ ವಿದ್ಯಾರ್ಥಿ ಸ್ಪರ್ಧೆಯಲ್ಲಿ ವಿಕೋಪ ತಾಳುವ ಶಕ್ತಿಗೂ ಅಂಕಗಳಿವೆ.

● 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ ಘೋಷಿಸಿದ ಪರಿಹಾರ 5 ಲಕ್ಷ ರೂಪಾಯಿ. ಬಿದ್ದ ಜಾಗದಲ್ಲೇ, ಬಿದ್ದ ಎತ್ತರದಲ್ಲೇ ಮತ್ತೆ ಕಟ್ಟಿದರೆ ಆ ಹಣವನ್ನೂ ಹೊಳೆಗೇ ಒಪ್ಪಿಸಿದಂತೆ.

ಓದುಗರೇ, 2005, 2019, 2021ರಲ್ಲಿ ನಿಮ್ಮ ಗೋಡೆಯ ಮೇಲೆ ನೀರು ನಿಂತ ಗುರುತು ನೆನಪಿದೆಯೇ? ಅಲ್ಲೊಂದು ಬಣ್ಣದ ಗೆರೆ ಎಳೆದು ಇಸವಿ ಬರೆಯಿರಿ. ಮನೆ ಕಟ್ಟುವ ಗೌಂಡಿಗೂ, ನಕ್ಷೆ ಬರೆಯುವ ವಿದ್ಯಾರ್ಥಿಗೂ ಅದನ್ನು ತೋರಿಸಿ. ಹೊಸ ಮನೆಯ ಕಟ್ಟೆ ಆ ಗೆರೆಗಿಂತ ಮೇಲಿರಲಿ.